ಕೊಟ್ಟ ಹೆಣ್ಣು ಕುಲಕ್ಕೆ ಹೊರಗು

ಧಾರೆಯಾದ ಮೇಲೆ ಮಗಳ ಗೋತ್ರ ಬೇರೆ, ಹೆತ್ತವರ ಸೂತಕವೂ ಅವಳಿಗೆ ಮೂರೇ ದಿನ. ಶಾಸ್ತ್ರ ಬಲ್ಲವರು ಈ ಗಾದೆಗೆ ಕೊಡುವ ಆಧಾರ ಇದು. ಅಷ್ಟಕ್ಕೇ ನಿಂತಿದ್ದರೆ ಪುರೋಹಿತರ ಲೆಕ್ಕವೆಂದು ಸುಮ್ಮನಿರಬಹುದಿತ್ತು. ಆದರೆ ಗೌರಿ ಹಬ್ಬದ ಬಾಗಿನ ಕೊಡುವಾಗ, ಪಂಚಮಿಗೆ ತಂಗಿಯನ್ನು ಕರೆತರಲು ಅಣ್ಣ ಹೊರಟಾಗ ಯಾರಿಗೂ ನೆನಪಾಗದ ಈ ಮಾತು, ಅಪ್ಪ ತೀರಿಕೊಂಡು ಪೌತಿ ಖಾತೆಗೆ ವಂಶವೃಕ್ಷ ಬರೆಸುವಾಗ ಥಟ್ಟನೆ ನಾಲಿಗೆಗೆ ಬರುತ್ತದೆ.

ಗಾದೆಯ ಜಾಣತನ ನೋಡಿ. ಕೊಟ್ಟವರು ಯಾರೆಂದು ಅದು ಹೇಳುವುದಿಲ್ಲ. ಹೊರಗೆ ಹಾಕಿದರು ಎಂದೂ ಇಲ್ಲ, ‘ಹೊರಗು’ ಅಷ್ಟೆ. ಮಳೆ ಮೇಲಿಂದ ಬೀಳುತ್ತದೆ ಎಂದಷ್ಟೇ ಸಹಜವಾಗಿ ಅದು ಕಿವಿಗೆ ಬೀಳುತ್ತದೆ. ಯಾರೋ ಮಾಡಿದ ತೀರ್ಮಾನವೆಂದು ಅನ್ನಿಸುವುದೇ ಇಲ್ಲ. ಆದರೆ ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ಈ ಗಾದೆ ನಿಲ್ಲುವುದಿಲ್ಲ. ಅಲ್ಲಿ ಬಳಿ, ಎಂದರೆ ಕುಲದ ಗುರುತು, ತಾಯಿಯಿಂದ ಬರುತ್ತದೆ. ಮದುವೆಯಾದ ಮಗಳೂ ಅವಳ ಮಕ್ಕಳೂ ಕುಟುಂಬದವರೇ, ಮಗನ ಮಕ್ಕಳು ಬೇರೆ ಬಳಿಯವರು. (ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತು, ಆ ಮಾತು ಬೇರೆ.)

ಗಾದೆ ಕಾಯಿದೆಯೊಳಕ್ಕೂ ನುಸುಳಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದ ಬರುವ ಹಕ್ಕನ್ನು ಕೊಟ್ಟಿರಲಿಲ್ಲ. ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲೇ ಕರ್ನಾಟಕ ತಿದ್ದುಪಡಿ ತಂದು ಆ ಹಕ್ಕು ಕೊಟ್ಟಿತು. ಹೆಮ್ಮೆಪಡುವಂಥದ್ದೇ. ಆದರೆ ತಿದ್ದುಪಡಿ ಜಾರಿಗೆ ಬಂದ 1994ರ ಜುಲೈ 30ಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಅದು ಅನ್ವಯಿಸದೆಂಬ ಷರತ್ತೂ ಜೊತೆಗಿತ್ತು. ಒಂದೇ ಮನೆಯಲ್ಲಿ ಅಕ್ಕ ಹೊರಗೆ, ತಂಗಿ ಒಳಗೆ. ಅಣ್ಣತಮ್ಮಂದಿರ ಲಗ್ನ ಯಾವಾಗ ಆಯಿತೆಂದು ಯಾರೂ ಕೇಳಲಿಲ್ಲ. 2005ರ ಕೇಂದ್ರ ತಿದ್ದುಪಡಿ ಈ ಭೇದವನ್ನು ಅಳಿಸಿತು. ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೇ ಎಂಬ ತಕರಾರು ಬಗೆಹರಿಯಲು 2020ರ ಆಗಸ್ಟ್‌ ಬರಬೇಕಾಯಿತು. ಬೇಕಿಲ್ಲ ಎಂದಿತು ಸುಪ್ರೀಂ ಕೋರ್ಟ್.

ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ನಿಂತದ್ದೂ, ಬೇರೆ ವೇಷದಲ್ಲಿ, ಇದೇ ಗಾದೆ. ಸೇವೆಯಲ್ಲಿದ್ದಾಗ ತೀರಿಕೊಂಡ ಸರ್ಕಾರಿ ನೌಕರರ ಮಗನಿಗೆ ಮದುವೆಯಾಗಿದ್ದರೂ ಅನುಕಂಪದ ನೌಕರಿಗೆ ಅರ್ಹತೆ ಇತ್ತು, ಮದುವೆಯಾದ ಮಗಳಿಗೆ ಇರಲಿಲ್ಲ. 1996ರ ಆ ನಿಯಮದಲ್ಲಿ ಮಗಳ ಹಿಂದೆ ಅಂಟಿಕೊಂಡಿದ್ದ ‘ಅವಿವಾಹಿತ’ ಎಂಬ ಪದವನ್ನು ನ್ಯಾಯಾಲಯ ಹೊಡೆದುಹಾಕಿತು.

ಇಷ್ಟಾದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರಿಗೆ ಬರವಿಲ್ಲ. ಅರಿಶಿನ ಕುಂಕುಮಕ್ಕೆಂದು ಕೈಗೊಂದಿಷ್ಟು ದುಡ್ಡು, ಪತ್ರದಲ್ಲಿ ‘ಸ್ವಸಂತೋಷದಿಂದ’ ಎಂಬ ಒಕ್ಕಣೆ. ಕೆಲವರಿಗೆ ಅದು ನಿಜವಾದ ಸಂತೋಷವೇ ಇರಬಹುದು. ಪಾಲು ಕೇಳಿದರೆ ತವರಿನ ದಾರಿ ಮುಚ್ಚೀತೆಂಬ ಅಂಜಿಕೆ ಇನ್ನೂ ಹಲವರಿಗೆ. ಸಹಿ ಹಾಕದೆ ದಾವೆ ಹೂಡಿದವಳನ್ನು ಊರು ‘ತವರಿನ ಮನೆ ಒಡೆದವಳು’ ಎನ್ನುತ್ತದೆ. ಅಣ್ಣನ ಮೇಲೆ ಅದೇ ಆಸ್ತಿಗೆ ದಾವೆ ಹಾಕಿದ ತಮ್ಮ, ಅದೇ ಊರಿನ ಬಾಯಲ್ಲಿ, ತನ್ನ ಪಾಲು ಕೇಳಿದವನು.