ಕೇಳುವುದಕ್ಕೆ ಪಾಳಿಯಿಲ್ಲ

ಕಾರ್ತಿಕದ ಅಮಾವಾಸ್ಯೆ ಬಂತೆಂದರೆ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಗುಡ್ಡಾಪುರದಲ್ಲಿ ದಾನಮ್ಮದೇವಿಯ ಜಾತ್ರೆ. ವಿಜಯಪುರದ ಕಡೆಯಿಂದ ನಡೆದು ಬಂದ ದಂಡು ಊರು ಮುಟ್ಟುತ್ತಲೇ ಎಲ್ಲರ ಕೈಗೂ ಮೊಬೈಲ್ ಬರುತ್ತದೆ. ‘ಮುಟ್ಟೀವಿ’ ಅಂತ ಮನೆಗೆ ಹೇಳಬೇಕಲ್ಲ. ಒಂದು ವರ್ಷ ನನ್ನ ಪಕ್ಕ ನಿಂತ ಅಜ್ಜಿ ಮೊಮ್ಮಗನಿಗೆ ಕೇಳುತ್ತಿದ್ದಳು: “ಕಡ್ಡಿ ನಾಕೂ ತುಂಬ್ಯಾವು, ಮತ್ಯಾಕ ಹೋಗವಲ್ತು?” ಹುಡುಗ ಉತ್ತರ ಕೊಡದೆ ಹಸಿರು ಗುಂಡಿ ಒತ್ತುತ್ತಲೇ ಇದ್ದ.

ಕಡ್ಡಿಗಳು ಹೇಳುವುದು ಟವರಿನ ದನಿ ಎಷ್ಟು ಜೋರಾಗಿ ಬರುತ್ತಿದೆ ಎಂದಷ್ಟೆ. ಅಲ್ಲಿ ಜಾಗ ಇದೆಯೋ ಇಲ್ಲವೋ ಅವಕ್ಕೆ ಗೊತ್ತಿಲ್ಲ.

ಟ್ಯಾಂಕರ್ ನೀರಿಗೆ ಕೊಡ ಹಿಡಿದು ನಿಂತು ಗೊತ್ತಿರುವ ಸೀಮೆ ಇದು. ಹಂಚಿಕೊಳ್ಳುವುದಕ್ಕೆ ಇಲ್ಲಿಯ ಕನ್ನಡಕ್ಕೂ ಮರಾಠಿಗೂ ಒಂದೇ ಶಬ್ದ, ಪಾಳಿ. 2ಜಿ ಕಾಲದ ಜಿಎಸ್‌ಎಂ ನಡೆದದ್ದೂ ಪಾಳಿಯ ಮೇಲೆಯೇ. 200 ಕಿಲೋಹರ್ಟ್ಸ್ ಅಗಲದ ಒಂದು ಪಟ್ಟಿಯಲ್ಲಿ ಎಂಟು ಪಾಳಿ, ಒಂದೊಂದಕ್ಕೆ 577 ಮೈಕ್ರೊಸೆಕೆಂಡು. ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಸಲ ಪಾಳಿ ತಿರುಗಿ ಬರುವುದರಿಂದ ಮಾತು ತುಂಡಾದದ್ದು ಕಿವಿಗೆ ತಿಳಿಯದು. ಸಿಡಿಎಂಎ ಫೋನುಗಳ ರೀತಿಯೇ ಬೇರೆಯಿತ್ತು. ಎಲ್ಲರೂ ಒಮ್ಮೆಗೇ ಮಾತಾಡಬಹುದಿತ್ತು, ಒಬ್ಬೊಬ್ಬರ ಮಾತಿಗೆ ಒಂದೊಂದು ಬೇರೆ ಸಂಕೇತ. ಜತ್ತದ ಸಂತೆಯ ಗದ್ದಲದಲ್ಲಿ ಕನ್ನಡದವರು ಕನ್ನಡವನ್ನು, ಮರಾಠಿಯವರು ಮರಾಠಿಯನ್ನು ಹೆಕ್ಕಿಕೊಂಡ ಹಾಗೆ. (ಇಲ್ಲಿಯ ಕಿವಿಗಳಿಗೆ ಎರಡೂ ತಿಳಿಯುವುದರಿಂದ ಹೋಲಿಕೆ ಸ್ವಲ್ಪ ಕುಂಟುತ್ತದೆ.)

ಆದರೆ ಹುಡುಗ ಸಿಕ್ಕಿಬಿದ್ದದ್ದು ಅದಕ್ಕೂ ಮೊದಲು. ‘ನನಗೊಂದು ಪಾಳಿ ಕೊಡು’ ಎಂದು ಟವರಿಗೆ ಕೇಳಬೇಕು, ಹಾಗೆ ಕೇಳುವುದಕ್ಕೇ ಪಾಳಿಯಿಲ್ಲ. ಇಬ್ಬರ ಕೂಗು ಒಂದರ ಮೇಲೊಂದು ಬಿದ್ದರೆ ಎರಡೂ ಕೆಡುತ್ತವೆ. ಇದಕ್ಕೆ ದಾರಿ ಸಿಕ್ಕಿದ್ದು ಹವಾಯಿ ದ್ವೀಪಗಳಲ್ಲಿ. 1971ರಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಜೊತೆಗಾರರು ಅಲ್ಲಿಯ ವಿಶ್ವವಿದ್ಯಾಲಯದ ಕಂಪ್ಯೂಟರನ್ನು ದೂರದ ಟರ್ಮಿನಲ್‌ಗಳಿಗೆ ರೇಡಿಯೋದಿಂದ ಜೋಡಿಸಿದರು. ಹೆಸರು ‘ಅಲೋಹಾ’. ಉತ್ತರ ಬರಲಿಲ್ಲವೇ, ತುಸು ತಡೆದು ಮತ್ತೆ ಕೂಗು; ಎಷ್ಟು ತಡೆಯಬೇಕೆಂಬುದನ್ನು ಮಾತ್ರ ಚೀಟಿ ಎತ್ತಿದಂತೆ ಅವರವರೇ ಆರಿಸಿಕೊಳ್ಳಬೇಕು. ಇಬ್ಬರೂ ಸಮನಾಗಿ ತಡೆದರೆ ಮತ್ತೆ ಡಿಕ್ಕಿ. ಕಾಲವನ್ನು ತುಂಡು ತುಂಡು ಮಾಡಿಕೊಂಡರೂ ಈ ಪದ್ಧತಿಯಲ್ಲಿ ನೂರು ತುಂಡಿಗೆ ಹೆಚ್ಚೆಂದರೆ 37 ಸಾರ್ಥಕ. ಆ ಮಿತಿ ಮುಟ್ಟಿದ ಮೇಲೆ ಮಂದಿ ಇನ್ನೂ ಹೆಚ್ಚು ಕೂಗಿದಷ್ಟೂ ಕೇಳಿಸುವುದು ಕಡಿಮೆಯಾಗುತ್ತ ಹೋಗುತ್ತದೆ. ಈಗಿನ 4ಜಿಯಲ್ಲೂ ಮೊದಲ ಕೂಗಿಗೆ ಚೀಟಿ ಎತ್ತುವುದು ತಪ್ಪಿಲ್ಲ.

ಅಜ್ಜಿ ಕಡೆಗೆ ಫೋನು ಕಸಿದುಕೊಂಡು ಚೀಲಕ್ಕೆ ಹಾಕಿದಳು. “ಬಿಡು, ದರ್ಶನಾ ಮಾಡಿ ಬಂದು ಹಚ್ಚೂಣು.” ದರ್ಶನದ ಪಾಳಿ ಆಗಲೇ ರಸ್ತೆಗೆ ಬಂದಿತ್ತು.