ಭೀತಿಯೂ ಅವಧಾನವೂ

ಪಿಡುಗು ಮನೆಯ ಹೊಸ್ತಿಲಿಗೆ ಬಂದಾಗ ಭಕ್ತನಾದವನು ಅಂಜಬೇಕೇ, ಅಂಜಬಾರದೇ? ಅಂಗದ ಮೇಲೆ ಲಿಂಗವಿರುವವನಿಗೆ ರೋಗದ ಭಯವೇಕೆಂದು ಒಬ್ಬರು ಕೇಳುತ್ತಾರೆ. ಶಿವನು ಕೊಟ್ಟ ಕಾಯವನ್ನು ಕಾಪಾಡಿಕೊಳ್ಳದವನು ಎಂತಹ ಭಕ್ತನೆಂದು ಇನ್ನೊಬ್ಬರು ಕೇಳುತ್ತಾರೆ. ಎರಡು ಮಾತುಗಳೂ ಮೇಲ್ನೋಟಕ್ಕೆ ಸತ್ಯವೆಂದೇ ತೋರುತ್ತವೆ. ಇವೆರಡರ ನಡುವೆ ನಡೆಯುವ ದಾರಿಯನ್ನು ಕಂಡುಕೊಳ್ಳುವುದು ಮಾತ್ರ ಗೃಹಸ್ಥನಿಗೆ ಸುಲಭವಲ್ಲ. 2020ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಕನ್ನಡ ನಾಡಿನ ಮನೆಮನೆಯೂ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ಆ ದಿನಗಳು ಕಳೆದುಹೋದರೂ ಅವು ಕೇಳಿದ ಪ್ರಶ್ನೆ ಕಳೆದುಹೋಗಿಲ್ಲ.

ಆ ತಿಂಗಳ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅವರಿಗೆ ಕೊರೋನಾ ಸೋಂಕು ತಗಲಿತ್ತೆಂಬುದು 12ರಂದು ಖಚಿತವಾಯಿತು. ಭಾರತದಲ್ಲಿ ಆ ರೋಗದಿಂದ ಸಂಭವಿಸಿದ ಮೊದಲನೆಯ ಮರಣವದು. ಅದರ ಹಿಂದಿನ ದಿನವೇ ವಿಶ್ವ ಆರೋಗ್ಯ ಸಂಸ್ಥೆಯು ಇದು ಜಗತ್ತನ್ನೇ ವ್ಯಾಪಿಸಿದ ಪಿಡುಗೆಂದು ಸಾರಿತ್ತು. ಹೋಳಿ ಹುಣ್ಣಿಮೆ ಕಳೆದು, ದಾಸೋಹಮೂರ್ತಿ ಶರಣಬಸವೇಶ್ವರರ ಜಾತ್ರೆಯನ್ನು ಭಕ್ತರು ಎದುರುನೋಡುವ ಕಾಲ. 13ರಂದು ರಾಜ್ಯ ಸರ್ಕಾರವು ಸಿನಿಮಾ ಮಂದಿರಗಳನ್ನು ಮುಚ್ಚಿಸಿ, ಅದ್ದೂರಿ ಮದುವೆಗಳನ್ನೂ ಜನಸಂದಣಿಯ ಸಮಾರಂಭಗಳನ್ನೂ ತಡೆಯಿತು. 22ರಂದು ಜನತಾ ಕರ್ಫ್ಯೂ, 25ರಿಂದ ದೇಶಕ್ಕೆಲ್ಲ 21 ದಿನಗಳ ಲಾಕ್‌ಡೌನ್. ಎರಡೇ ವಾರಗಳಲ್ಲಿ ಲೋಕದ ನಡೆ ತಲೆಕೆಳಗಾಯಿತು.

ಆಗ ಸಾಮಾನ್ಯ ಜನರ ಮನಸ್ಸಿನಲ್ಲಿ ಎದ್ದ ಚಿಂತೆಗಳು ಸಣ್ಣವಲ್ಲ. ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಉಳಿದವರ ಎದೆ ನಡುಗುತ್ತಿತ್ತು. ಸಕ್ಕರೆ ಕಾಯಿಲೆಯ ತಂದೆಗೆ ಮಾತ್ರೆ ಸಿಗುವುದೋ ಇಲ್ಲವೋ, ದಿನಗೂಲಿ ನಿಂತರೆ ಒಲೆ ಉರಿಯುವುದು ಹೇಗೆ, ಹಾಲಿನವನನ್ನು ಬಾಗಿಲಿಗೆ ಕರೆಯಬಹುದೋ ಬಾರದೋ ಎಂಬ ಯೋಚನೆಗಳಲ್ಲಿ ರಾತ್ರಿ ಕಳೆಯುತ್ತಿತ್ತು. ಔಷಧಿ ಅಂಗಡಿಗಳಲ್ಲಿ ಮಾಸ್ಕು, ಸ್ಯಾನಿಟೈಸರುಗಳು ಸಿಗದಾದವು. ಕೇಂದ್ರ ಸರ್ಕಾರವು 13ರಂದೇ ಅವುಗಳನ್ನು ಅವಶ್ಯಕ ವಸ್ತುಗಳ ಪಟ್ಟಿಗೆ ಸೇರಿಸಬೇಕಾಯಿತು. ಕೋಳಿಯಿಂದ ರೋಗ ಬರುವುದೆಂಬ ಸುಳ್ಳು ಸುದ್ದಿ ಹಬ್ಬಿ ಕೋಳಿ ಸಾಕಿದವರು ನಷ್ಟಕ್ಕೊಳಗಾದರು. ಮೊಬೈಲಿನಲ್ಲಿ ಬಂದ ಸಂದೇಶಗಳೆಲ್ಲ ವೈದ್ಯಶಾಸ್ತ್ರವೆನಿಸಿಕೊಂಡವು. ಭೀತಿಯ ಲಕ್ಷಣವೇ ಇದು: ಅದು ಎಲ್ಲವನ್ನೂ ನಂಬುತ್ತದೆ, ಯಾರನ್ನೂ ನಂಬುವುದಿಲ್ಲ.

ಹಾಗಾದರೆ ಎಚ್ಚರವೆಲ್ಲವೂ ಭೀತಿಯೇ? ಅಲ್ಲ. ಷಟ್‌ಸ್ಥಲ ಶಾಸ್ತ್ರವು ಭಕ್ತಿಯ ಆರು ಬಗೆಗಳನ್ನು ಹೇಳುತ್ತದೆ. ಭಕ್ತನದು ಶ್ರದ್ಧಾಭಕ್ತಿ, ಮಹೇಶ್ವರನದು ನಿಷ್ಠಾಭಕ್ತಿ, ಪ್ರಸಾದಿಯದು ಅವಧಾನಭಕ್ತಿ. ಅನುಭವ, ಆನಂದ, ಸಮರಸ ಭಕ್ತಿಗಳು ಅನಂತರದವು. ಅವಧಾನವೆಂದರೆ ಬಂದುದನ್ನು ಮೈಮರೆತು ಸ್ವೀಕರಿಸದಿರುವುದು. ಕಣ್ಣು, ಕಿವಿ, ನಾಲಗೆ, ಕೈಗಳು ಏನನ್ನು ಮುಟ್ಟುತ್ತಿವೆಯೆಂಬ ಅರಿವಿನಲ್ಲಿರುವುದು. ಶ್ರದ್ಧೆ ನಿಷ್ಠೆಗಳ ಅನಂತರದ ಮೆಟ್ಟಿಲಿನಲ್ಲಿ ಅವಧಾನವು ನಿಂತಿರುವುದು ಅರ್ಥಗರ್ಭಿತವಾಗಿದೆ. ಎಚ್ಚರದಿಂದಿರುವುದು ಶ್ರದ್ಧೆಯ ಕೊರತೆಯಲ್ಲ, ಶ್ರದ್ಧೆಯು ಬಲಿತ ಮೇಲೆ ಬರುವ ಗುಣ.

ಲಿಂಗವಂತನ ಅಂಗೈಯನ್ನೇ ನೋಡಬಹುದು. ಅದು ಇಷ್ಟಲಿಂಗವನ್ನು ಇರಿಸಿಕೊಳ್ಳುವ ಕರಸ್ಥಲ. ಅದೇ ಅಂಗೈ ಎಚ್ಚರ ತಪ್ಪಿದರೆ ಸೋಂಕನ್ನು ಕಣ್ಣು ಮೂಗುಗಳಿಗೆ ಒಯ್ಯುತ್ತದೆ. ಆ ವೈರಾಣುವಿಗೆ ಕೊಬ್ಬಿನ ತೆಳುವಾದ ಹೊದಿಕೆಯಿದೆ. ಇಪ್ಪತ್ತು ಸೆಕೆಂಡುಗಳ ಕಾಲ ಸಾಬೂನಿನಿಂದ ಉಜ್ಜಿದರೆ ಆ ಹೊದಿಕೆ ಒಡೆದು ವೈರಾಣು ನಾಶವಾಗುತ್ತದೆ. ಪೂಜೆಗೆ ಮುನ್ನ ಕೈತೊಳೆಯುವ ಅಭ್ಯಾಸವಿದ್ದ ಮನೆಗೆ ಈ ನಿಯಮ ಹೊಸದೇನಲ್ಲ. ಗುಡಿಗಳ ಬಾಗಿಲು ಮುಚ್ಚಿತೆಂದು ದುಃಖಿಸುವ ಕಾರಣವೂ ಅವನಿಗೆ ಕಡಿಮೆ. ಕರಸ್ಥಲದಲ್ಲಿ ಲಿಂಗವಿರುವವನ ಪೂಜೆಗೆ ಗುಂಪು ಬೇಕಿಲ್ಲ, ಮನೆಯ ಮೂಲೆಯೇ ಸಾಕು.

ಭೀತಿಗೂ ಅವಧಾನಕ್ಕೂ ಇರುವ ಭೇದವು ಮೊದಲು ಕಾಣಿಸಿಕೊಂಡುದು ದಿನಸಿ ಅಂಗಡಿಯ ಮುಂದೆ. ಲಾಕ್‌ಡೌನ್ ಎಂಬ ಸುದ್ದಿ ಬಂದೊಡನೆ ಉಳ್ಳವರು ಮೂಟೆಗಟ್ಟಲೆ ಅಕ್ಕಿ, ಬೇಳೆ, ಎಣ್ಣೆಗಳನ್ನು ಹೊತ್ತುಕೊಂಡು ಹೋದರು. ದಿನದ ಕೂಲಿಯಿಂದ ದಿನದ ಹಿಟ್ಟು ಕೊಳ್ಳುವವರು ಬರಿಗೈಯಲ್ಲಿ ನಿಂತರು. ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗದಿರದು. ಲಿಂಗಸೂಗೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳದು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ಆ ಮನೆಯಲ್ಲಿ ದಾಸೋಹ ನಿಂತಿತೇ? ಇಲ್ಲ, ಸಂಗ್ರಹಿಸದವಳ ಮನೆಯಲ್ಲಿಯೇ ಶರಣರಿಗೆ ಅನ್ನ ದೊರೆಯಿತು. ಮನೆಯವರ ಹದಿನೈದು ದಿನದ ಊಟಕ್ಕೆ ಬೇಕಾದುದನ್ನು ತಂದಿಡುವುದು ಅವಧಾನ. ನೆರೆಯವನ ಪಾಲನ್ನೂ ಸೇರಿಸಿ ತಂದಿಡುವುದು ಭೀತಿ. ಚೀಲದ ತೂಕ ಹೆಚ್ಚಿದಷ್ಟೂ ಭೀತಿ ಕಡಿಮೆಯಾಗುವುದಿಲ್ಲವೆಂಬುದನ್ನು ಆ ದಿನಗಳೇ ತೋರಿಸಿದವು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಶರಣಧರ್ಮವು ನಿರಾಕರಿಸಿತು. ಎಂಜಲಿಗೆ ಸೂತಕವಿಲ್ಲವೆಂದ ಧರ್ಮವು, ಎಂಜಲ ಹನಿಯಿಂದಲೂ ಉಸಿರಿನಿಂದಲೂ ಹರಡುವ ರೋಗದ ಮುಂದೆ ಏನು ಹೇಳಬೇಕು? ಮನುಷ್ಯನಿಂದ ಮನುಷ್ಯನು ದೂರ ನಿಲ್ಲಬೇಕೆಂಬ ನಿಯಮವನ್ನು ಒಪ್ಪಿದರೆ, ಎಂಟು ಶತಮಾನಗಳ ಹಿಂದೆ ಹೊರದೂಡಿದ ಮಡಿಮೈಲಿಗೆಯು ಹಿಂಬಾಗಿಲಿನಿಂದ ಒಳಬಂದಂತಾಗುವುದಿಲ್ಲವೇ?

ಈ ಶಂಕೆ ನಿರಾಧಾರವಾದುದಲ್ಲ. ಆದರೆ ಸೂತಕಕ್ಕೂ ರೋಗದ ಅಂತರಕ್ಕೂ ಮೂರು ಭೇದಗಳಿವೆ. ಮೊದಲನೆಯದಾಗಿ, ರೋಗದ ಅಂತರಕ್ಕೆ ಅಳತೆಯೂ ಅವಧಿಯೂ ಇವೆ. ಒಂದೆರಡು ಮಾರು ದೂರ ನಿಲ್ಲಬೇಕು, ಸೋಂಕಿನ ಶಂಕೆಯಿದ್ದರೆ 14 ದಿನ ಬೇರೆಯಾಗಿರಬೇಕೆಂಬುದು ಆಗಿನ ನಿಯಮ. ಅವಧಿ ತೀರಿದರೆ ಅಂತರವೂ ತೀರಿತು. ಜಾತಿಸೂತಕಕ್ಕೆ ಅವಧಿಯೆಂಬುದೇ ಇಲ್ಲ. ಅದು ಹುಟ್ಟಿನೊಡನೆ ಅಂಟಿಸಿದುದು, ಯಾವ ಸಾಬೂನಿನಿಂದಲೂ ತೊಳೆಯದುದು. ಎರಡನೆಯದಾಗಿ, ರೋಗದ ಅಂತರವು ಎಲ್ಲರಿಗೂ ಸಮಾನ. ಗುರುವಾಗಲಿ ಶಿಷ್ಯನಾಗಲಿ, ಧನಿಕನಾಗಲಿ ಕೂಲಿಯವನಾಗಲಿ, ಒಬ್ಬನಿಗೊಂದು ನಿಯಮ ಮತ್ತೊಬ್ಬನಿಗೊಂದು ನಿಯಮವಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಸೂತಕವನ್ನು ಆಚರಿಸುವವನು ತನ್ನ ಶುದ್ಧಿಯನ್ನು ಕಾಯುತ್ತಾನೆ, ಅಂತರವನ್ನು ಪಾಲಿಸುವವನು ಅನ್ಯರ ಪ್ರಾಣವನ್ನು ಕಾಯುತ್ತಾನೆ. ರೋಗದ ಲಕ್ಷಣ ತೋರುವ ಮುನ್ನವೇ ಈ ಸೋಂಕು ಒಬ್ಬನಿಂದ ಇನ್ನೊಬ್ಬನಿಗೆ ದಾಟಬಲ್ಲದು. ಆದುದರಿಂದ ಆರೋಗ್ಯವಂತನೂ ತಾನೇ ಅಪಾಯವಾಗಿರಬಹುದೆಂದು ಬಗೆದು ದೂರ ನಿಲ್ಲಬೇಕು. ಅವನು ಮೈಲಿಗೆ, ತಾನು ಮಡಿ ಎನ್ನುವುದು ಸೂತಕ. ತನ್ನಿಂದ ಅವನಿಗೆ ಕೇಡಾಗದಿರಲಿ ಎನ್ನುವುದು ದಯೆ.

ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ ಆ ದಿನಗಳ ಎಷ್ಟೋ ನಡವಳಿಕೆಗಳು ತಲೆತಗ್ಗಿಸುವಂತಿವೆ. ಹಲವು ಹಳ್ಳಿಗಳಲ್ಲಿ ಊರದಾರಿಗೆ ಮುಳ್ಳು ಹಚ್ಚಿ, ದುಡಿಯಲು ಹೋಗಿದ್ದ ತಮ್ಮ ಊರ ಮಕ್ಕಳನ್ನೇ ಹೊರಗೆ ನಿಲ್ಲಿಸಿದರು. ರೋಗಿಗಳ ಸೇವೆ ಮಾಡಿ ಮರಳಿದ ದಾದಿಯರಿಗೆ ಮನೆ ಬಿಡಲು ಹೇಳಿದ ಮಾಲೀಕರಿದ್ದರು. ಇಂತಹ ಕಿರುಕುಳ ಹೆಚ್ಚಿದುದರಿಂದಲೇ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು 2020ರ ಏಪ್ರಿಲ್ 22ರಂದು ಸುಗ್ರೀವಾಜ್ಞೆಯ ಮೂಲಕ ಬಿಗಿಗೊಳಿಸಬೇಕಾಯಿತು. ಒಂದು ಸಂಜೆ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದ ಕೈಗಳೇ ಮರುದಿನ ಅದೇ ಬಾಗಿಲನ್ನು ಮುಚ್ಚಿದರೆ ಆ ಚಪ್ಪಾಳೆಗೆ ಏನು ಬೆಲೆ? ಬೀದಿ ಗುಡಿಸುವವರು, ಆಶಾ ಕಾರ್ಯಕರ್ತೆಯರು, ವೈದ್ಯರು ತಮ್ಮ ಕಾಯಕವನ್ನು ಬಿಡದಿದ್ದುದರಿಂದಲೇ ಉಳಿದವರು ಮನೆಯೊಳಗೆ ನಿಶ್ಚಿಂತರಾಗಿರಲು ಸಾಧ್ಯವಾಯಿತು.

ಬೆಂಗಳೂರಿನಿಂದ ಮರಳಿದ ಮಗನು ಬಾಗಿಲಲ್ಲಿ ನಿಂತಿದ್ದಾನೆ, ಒಳಗೆ ಎಂಬತ್ತು ವರ್ಷದ ಅಜ್ಜಿಯಿದ್ದಾಳೆ ಎಂದು ಭಾವಿಸೋಣ. ತಾಯಿಯ ಕರುಳು ಅಪ್ಪಿಕೊಳ್ಳೆನ್ನುತ್ತದೆ, ಭೀತಿಯು ಅಟ್ಟಿಬಿಡೆನ್ನುತ್ತದೆ. ಅವಧಾನವು ಎರಡನ್ನೂ ಕೇಳದೆ ಹೊರಗಿನ ಕೋಣೆಯಲ್ಲಿ ಹಾಸಿಗೆ ಹಾಕುತ್ತದೆ. ಹೊತ್ತು ಹೊತ್ತಿಗೆ ರೊಟ್ಟಿ ಪಲ್ಯವನ್ನು ಬಾಗಿಲಲ್ಲಿಟ್ಟು ಹೆಸರು ಹಿಡಿದು ಕರೆಯುತ್ತದೆ. ಹದಿನಾಲ್ಕು ದಿನ ಕಿಟಕಿಯಾಚೆಯಿಂದ ಮಾತನಾಡಿಸುತ್ತದೆ. ಬಾಗಿಲು ಮುಚ್ಚಿದರೂ ಮಾತು ಮುಚ್ಚಬಾರದು. ಒಂದೇ ಕೋಣೆಯ ಗುಡಿಸಲಿನವನು ಏನು ಮಾಡಬೇಕು? ಅಲ್ಲಿ ಊರಿನ ಹೊಣೆ ಮೊದಲಾಗುತ್ತದೆ. ಶಾಲೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಮರಳಿ ಬಂದವರಿಗೆ ಇಂಬು ಕೊಟ್ಟು ಅನ್ನ ನೀರು ಒದಗಿಸಿದ ಕಡೆಗಳಲ್ಲಿ ದಾಸೋಹವು ಹೊಸ ರೂಪವನ್ನು ತಾಳಿತು.

ಪಿಡುಗಿನ ಮೊದಲ ದಿನಗಳ ತಿಳಿವಳಿಕೆ ಅಪೂರ್ಣವಾಗಿತ್ತೆಂಬುದೂ ನಿಜ. ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಮಾತ್ರ ಮುಖಗವಸು ಸಾಕೆಂದು ಮೊದಲು ಹೇಳಲಾಯಿತು; ಏಪ್ರಿಲ್ ಮೊದಲ ವಾರದಲ್ಲಿ ಮನೆಯಲ್ಲಿ ಹೊಲಿದ ಬಟ್ಟೆಯ ಗವಸನ್ನು ಎಲ್ಲರೂ ಧರಿಸಲೆಂದು ಸಲಹೆ ಬಂತು. ತರಕಾರಿಯನ್ನೂ ಹಾಲಿನ ಪೊಟ್ಟಣವನ್ನೂ ಮತ್ತೆ ಮತ್ತೆ ತೊಳೆದವರಿಗೆ, ವಸ್ತುಗಳಿಗಿಂತ ಗಾಳಿಯಾಡದ ಕೋಣೆಯ ಉಸಿರೇ ಹೆಚ್ಚು ಅಪಾಯವೆಂಬುದು ಅನಂತರ ತಿಳಿಯಿತು. ಇದನ್ನು ಕಂಡು ಬಲ್ಲವರ ಮಾತಿಗೆ ಬೆಲೆಯಿಲ್ಲವೆಂದು ಹಳಿಯುವುದು ತರವಲ್ಲ. ಅರಿವನ್ನೇ ಗುರುವೆಂದು ಬಗೆದ ಪರಂಪರೆಯಲ್ಲಿ, ಅರಿವು ಬೆಳೆದಂತೆ ಆಚಾರವನ್ನು ತಿದ್ದಿಕೊಳ್ಳುವುದು ಚಂಚಲತೆಯಾಗುವುದಿಲ್ಲ.

ಪಿಡುಗುಗಳು ಹಿಂದೆಯೂ ಬಂದಿವೆ, ಮುಂದೆಯೂ ಬರಬಹುದು. ಅವು ಬಂದ ಮೊದಲ ವಾರದಲ್ಲಿ ಔಷಧ ದೊರೆಯದಿರಬಹುದು, ನಿಶ್ಚಿತವಾದ ತಿಳಿವೂ ಇಲ್ಲದಿರಬಹುದು. ಆದರೆ ಪ್ರತಿಯೊಂದು ಎಚ್ಚರಿಕೆಯನ್ನು ಕೈಗೊಳ್ಳುವಾಗಲೂ ಇದರಿಂದ ಉಳಿಯುವುದು ತನ್ನೊಬ್ಬನ ಪ್ರಾಣವೋ, ನೆರೆಯವನ ಪ್ರಾಣವೂ ಕೂಡವೋ ಎಂದು ಕೇಳಿಕೊಳ್ಳುವುದು ಆ ದಿನವೇ ಸಾಧ್ಯ. ತನ್ನೊಬ್ಬನದೆಂದು ಉತ್ತರ ಬಂದರೆ ಅದು ಭೀತಿಯೆಂದು ತಿಳಿದು ತಿದ್ದಿಕೊಳ್ಳಬೇಕು. ಇಬ್ಬರದೂ ಎಂದು ಬಂದರೆ ಅದು ಅವಧಾನ; ಲಿಂಗಪೂಜೆಗೆ ತೊಳೆದ ಕೈಯಂತೆ ಅದೂ ಪವಿತ್ರವಾದುದು.