ರನ್ ಆದರೆ ಸಾಕೆ?

ಪುಣೆಯ ಕನ್ನಡಿಗರ ನಡುವೆ ಕಲಿಕೆಯ ಮಾತು ಬಂದರೆ ಯಾರಾದರೂ ಭೀಮಸೇನ ಜೋಶಿಯವರ ಹೆಸರು ತೆಗೆದೇ ತೆಗೆಯುತ್ತಾರೆ. ಗುರುವನ್ನು ಹುಡುಕಿಕೊಂಡು ಎಳವೆಯಲ್ಲೇ ಗದಗದ ಮನೆ ಬಿಟ್ಟದ್ದು, ಸವಾಯಿ ಗಂಧರ್ವರ ಬಳಿ ಕಲಿತದ್ದು, ಆಮೇಲೆ 1953ರಿಂದ ಇದೇ ಊರಿನಲ್ಲಿ ಆ ಗುರುವಿನ ಹೆಸರಿನ ಸಂಗೀತೋತ್ಸವ ಬೆಳೆಸಿದ್ದು. ಪ್ರೋಗ್ರಾಮಿಂಗ್ ಕಲಿಯಲು ಬಂದ ಹುಡುಗರಿಗೂ ಇದನ್ನೇ ಹೇಳುವುದುಂಟು: ರಿಯಾಜ್ ಮಾಡ್ರಪ್ಪಾ, ತಾನಾಗೇ ಬರ್ತದ. ನನಗೆ ಈ ಹೋಲಿಕೆ ಅರ್ಧ ಮಾತ್ರ ಒಪ್ಪಿಗೆ. ಸ್ವರ ತಪ್ಪಿದರೆ ಆ ಕ್ಷಣವೇ ಕೇಳಿಸುತ್ತದೆ, ಎದುರಿಗೆ ಗುರು ಕೂತಿರುತ್ತಾರೆ. ನಮ್ಮ ಕೆಲಸದ ಅಪಸ್ವರ ಎರಡು ವರ್ಷ ಸುಮ್ಮನಿದ್ದು ಬೇರೆ ಯಾರದೋ ಮನೆಯಲ್ಲಿ ಕೇಳಿಸುತ್ತದೆ.

"ಪ್ರೋಗ್ರಾಂ ರನ್ ಆಗತೈತ್ರಿ ಅಣ್ಣಾ. ಅದು ಹೆಂಗ ಆಗತೈತಿ ಅಂತ ನಾ ಯಾಕ ತಿಳ್ಕೋಬೇಕ್ರಿ?" ಎಂದು ಜಮಖಂಡಿ ಕಡೆಯ ಹುಡುಗನೊಬ್ಬ ಕೇಳಿದ. ಸೋಮಾರಿಯ ಮಾತು ಎಂದು ತಳ್ಳಿಹಾಕಲಾಗಲಿಲ್ಲ. ವಾಕಡದಲ್ಲಿ ನಾಲ್ವರು ಸೇರಿ ರೂಮು ಮಾಡಿದ್ದಾರೆ, ಕ್ಲಾಸಿನ ಫೀಸಿಗೆ ಮನೆಯವರು ಸಾಲ ಮಾಡಿದ್ದಾರೆ. ಹಿಂಜವಡಿಯಲ್ಲಿ ಒಂದು ಕೆಲಸ ಸಿಕ್ಕರೆ ಸಾಕಾಗಿದೆ. ಕೇಳಿದ್ದನ್ನು ಕ್ಷಣದಲ್ಲಿ ಬರೆದುಕೊಡುವ ಎಐ ಕಿಸೆಯಲ್ಲೇ ಇರುವಾಗ ಕೂತು ತಲೆ ಕೆಡಿಸಿಕೊಳ್ಳಿ ಎನ್ನಲು ನನಗೇನು ಹಕ್ಕು? "ಪ್ರೊಸೆಸರ್ ಒಳಗ ಏನ್ ನಡೀತೈತಿ, ನಿಮಗರ ಪೂರ್ತಿ ಗೊತ್ತೈತೇನ್ರಿ?" ಎಂದೂ ಕೇಳಿದ. ಇಲ್ಲ. ಎಲ್ಲರೂ ಎಲ್ಲೋ ಒಂದು ಕಡೆ ತಿಳಿಯುವುದನ್ನು ನಿಲ್ಲಿಸಿ ನಂಬಲು ಶುರುಮಾಡುತ್ತೇವೆ. ಎಲ್ಲಿ ನಿಲ್ಲಿಸಬಹುದು ಎಂಬುದೇ ಪ್ರಶ್ನೆ.

ಪದವನ್ನು ಹಿಂದುಮುಂದು ಮಾಡುವ ಪ್ರೋಗ್ರಾಂ ಬರೆಯಲು ಹೇಳಿದೆ. ಕಲಿಯುವವರೆಲ್ಲ ಮೊದಲಿಗೇ ಬರೆಯುವಂಥದ್ದು, ಪೈಥಾನಿನಲ್ಲಿ ಒಂದೇ ಸಾಲು. ಇಂಗ್ಲಿಷಿನಲ್ಲಿ ಊರ ಹೆಸರು ಕೊಟ್ಟ, ಸರಿಯಾಗಿ ಬಂತು. ಈಗ ಕನ್ನಡದಲ್ಲಿ 'ಪುಣೆ' ಕೊಡು ಎಂದೆ. 'ಣೆಪು' ಬರಬೇಕಿತ್ತು. ಬಂದದ್ದು ಆಸರೆಯಿಲ್ಲದೆ ನೇತಾಡುವ ಒಂದು ಎತ್ವ, ಅದರ ಹಿಂದೆ 'ಣುಪ'. ನಮಗೆ ಎರಡು ಅಕ್ಷರವಾದದ್ದು ಯೂನಿಕೋಡಿನಲ್ಲಿ ನಾಲ್ಕು ಸಂಕೇತ: ಪ, ಕೊಂಬು, ಣ, ಎತ್ವ. ಹುಡುಗ ಅಲ್ಲಿಯವರೆಗೆ ಸರಿ ಎಂದುಕೊಂಡದ್ದು ಸರಿಯೇ ಇತ್ತು. ಏಕೆ ಸರಿ ಎಂಬುದು ಗೊತ್ತಿರಲಿಲ್ಲ.

"ಕನ್ನಡ ಪದಾನ ಯಾರು ಉಲ್ಟಾ ಮಾಡ್ತಾರ್ರಿ" ಎಂದು ನಕ್ಕ. ನಿಜ. ಆದರೆ ಹೆಸರಿಗೆ ಹತ್ತೇ ಸ್ಥಾನ ಎಂದು ಯಾರೋ ಬರೆದಿಟ್ಟ ಅರ್ಜಿಯಲ್ಲಿ 'ಮಲ್ಲಿಕಾರ್ಜುನ' ಎಂದು ತುಂಬಿದರೆ? ಕಣ್ಣಿಗೆ ಐದು ಅಕ್ಷರ, ಸಂಕೇತ ಹನ್ನೆರಡು. ಉಳಿಯುವುದು 'ಮಲ್ಲಿಕಾರ್ಜ'. ಪಿಂಚಣಿಯ ಹೆಸರಿಗೂ ಆಧಾರಿನ ಹೆಸರಿಗೂ ತಾಳೆಯಾಗದೆ ಕಚೇರಿ ಅಲೆಯುವ ಮುದುಕನಿಗೆ ಆ ಹತ್ತು ಎಲ್ಲಿಂದ ಬಂತೆಂದು ಹೇಳುವವರು ಯಾರು?

ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರದ ಕತೆ ಇನ್ನೂ ಭೀಕರ. 1985ರಿಂದ 1987ರೊಳಗೆ ಅಮೆರಿಕ, ಕೆನಡಾಗಳಲ್ಲಿ ಅದು ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಅದೇ ಬಗೆಯ ದೋಷ ಹಿಂದಿನ ಮಾದರಿಯ ತಂತ್ರಾಂಶದಲ್ಲೂ ಇತ್ತು. ಅಲ್ಲಿ ತಪ್ಪಾದಾಗ ತಡೆಯುವ ಬೇರೆ ಯಾಂತ್ರಿಕ ರಕ್ಷಣೆಯೂ ಇದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಹೊಸ ಯಂತ್ರದಲ್ಲಿ ಆ ರಕ್ಷಣೆ ತೆಗೆದು ತಂತ್ರಾಂಶವನ್ನೇ ನಂಬಿದರು. ಅಷ್ಟು ದಿನ ಎಲ್ಲ ಸರಿಯಾಗಿ ನಡೆದದ್ದಕ್ಕೆ ಕಾರಣ ಕೋಡಿನ ಹೊರಗಿತ್ತು.

ಡೆನ್ಮಾರ್ಕಿನ ಪೀಟರ್ ನೌರ್ 1985ರ ಪ್ರಬಂಧವೊಂದರಲ್ಲಿ ಪ್ರೋಗ್ರಾಮಿನ ಜೀವ ಇರುವುದು ಬರೆದ ಸಾಲುಗಳಲ್ಲಲ್ಲ, ಬರೆದವರ ತಿಳಿವಳಿಕೆಯಲ್ಲಿ ಎಂದು ವಾದಿಸಿದರು. ಆ ಜನ ಹೋದರೆ ಕೋಡ್ ಉಳಿದೂ ಪ್ರೋಗ್ರಾಂ ಸತ್ತಂತೆ. ಹಾಗಾದರೆ ಎಐಯಿಂದ ತಂದು ಅಂಟಿಸಿದ್ದಕ್ಕೆ ಜೀವವೇ ಇಲ್ಲ ಎನ್ನುವಷ್ಟು ಕಠಿಣ ನಾನಲ್ಲ. ತರಲಿ. ರನ್ ಒತ್ತುವ ಮೊದಲು ಏನು ಬಂದೀತೆಂದು ಕಾಗದದ ಮೇಲೆ ಬರೆದಿಡಲಿ. ಬೇರೆ ಬಂದರೆ ಅಲ್ಲೇ ಕೂರಲಿ. ಸರಿ ಬಂದರೆ ಖಾಲಿ ಹೆಸರು, ಸೊನ್ನೆ, ಒತ್ತಕ್ಷರ ಕೊಟ್ಟು ಕೆಡಿಸಲು ನೋಡಲಿ. ಮೂರು ದಿನ ಬಿಟ್ಟು, ನೋಡದೆ ಮತ್ತೆ ಬರೆಯಲಿ. ಪ್ರೊಸೆಸರ್ ತಪ್ಪಿದರೆ ಅದನ್ನು ಮಾಡಿದವರು ಉತ್ತರ ಕೊಡಬೇಕು, ಅದಕ್ಕೇ ನಾನು ಅಲ್ಲಿ ನಿಲ್ಲಬಹುದು. ಎಐ ಬರೆದು ನಾನು ಒಪ್ಪಿಸಿದ ಸಾಲಿಗೆ ನಾನಲ್ಲದೆ ಉತ್ತರ ಕೊಡುವವರಿಲ್ಲ.

ಇದಕ್ಕೆಲ್ಲ ಸಮಯ ಬೇಕು, ಸಾಲದ ಕಂತಿರುವ ಹುಡುಗನ ಬಳಿ ಅದೇ ಇಲ್ಲ. ಹಾಗಾಗಿ ಹೊಣೆಯನ್ನೆಲ್ಲ ಹೊಸಬರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಅವರು ಮೊದಲ ಸಲ ಕೋಡ್ ಒಪ್ಪಿಸಿದಾಗ ಹಿರಿಯರೊಬ್ಬರು ಪಕ್ಕದಲ್ಲಿ ಅರ್ಧ ಗಂಟೆ ಕೂತು, ಈ ಸಾಲು ಇಲ್ಲಿ ಯಾಕಿದೆ ಎಂದು ಕೇಳಬೇಕು. ನಾನು ನೋಡಿದ ಯಾವ ಟೈಮ್‌ಶೀಟಿನಲ್ಲೂ ಆ ಅರ್ಧ ಗಂಟೆಗೆ ಕಾಲಮ್ ಇಲ್ಲ.